ಡುಬುಕ್ ನೋಡುವ ಕ್ರಮ

ಹಳೆ ಕ್ಯಾಲೆಂಡರಿನ ಹಾಳೆ ಮಗುಚಿ
ಪೆನ್ಸಿಲಿನಲ್ಲಿ ಬರೆದುಕೊಟ್ಟಳು ಇಂಚರ:
ಮೊದಲು ನಾಲ್ಕು. ಆಮೇಲೆ ಐದು.
ಆರು ಬೇಡ, ಅದು ಬೇರೆ ಯಾರೋ ಮಾಡಿದ್ದು, ಮೂತಿಯೇ ಸರಿಯಿಲ್ಲ.
ಏಳಾದ ಮೇಲೆ ಒಂಬತ್ತು,
ಯಾಕಂದರೆ ಎಂಟರ ಕತೆ ನಡೆಯುವುದು ಒಂಬತ್ತರ ಮಾರನೇ ದಿನ.
ಹತ್ತು ಬಿಟ್ಟರೂ ಆದೀತು, ಬರೀ ಹಾಡು.
ಹನ್ನೊಂದರಲ್ಲಿ ಡುಬುಕ್ ಹುಟ್ಟೇ ಇಲ್ಲ,
ಅದು ಅವರ ತಾತನ ಕಾಲ,
ಅದನ್ನ ಕೊನೆಗೆ ನೋಡಿ.

ನೋಡಿ.
ಮದುವೆಯಾಗಿ ಅರಸೀಕೆರೆಗೆ ಬಂದು ಐದು ತಿಂಗಳು.
ಗ್ಯಾಸಿನವನಿಗೆ, ಕೊಬ್ಬರಿ ಮಂಡಿಯ ಲೆಕ್ಕದವರಿಗೆ, ನನಗೆ
ಅವಳದು ಒಂದೇ ನೀವು.
ಬೆಕ್ಕಿಗೆ ಮಾತ್ರ ನೀನು. ಅಪ್ಪನಿಗೂ.

ಒಂದು, ಎರಡು, ಮೂರು ಎಲ್ಲಿ? ಅಂದೆ.
ಅವು ಬೇಕಾಗಲ್ಲ, ಅಂದಳು,
ನಾಲ್ಕರಿಂದಲೇ ಅರ್ಥ ಆಗುತ್ತೆ.

ಡಿವಿಡಿಗಳು ಒಂದು ರೆಕ್ಸಿನ್ ಚೀಲದಲ್ಲಿ,
ಜಿಪ್ಪಿಗೆ ಕೀಲಿ ಕಳೆದ ಕೀಚೈನು.
ಒಂದೊಂದರ ಮೇಲೂ ನೀಲಿ ಮಾರ್ಕರಿನಲ್ಲಿ ನಂಬರು,
ಏಳರ ಸೊಂಟಕ್ಕೆ ಒಂದು ಅಡ್ಡಗೆರೆ.
ಸೊಸೈಟಿಯಲ್ಲಿ ಚಲನ್ ಬರೆದ ಕೈ ಅದು,
ವನಮಾಲಾ ಅವರದು.
ನಾನು ಎಂದೂ ನೋಡದ ಕೈ.

ಶನಿವಾರ ರಾತ್ರಿ ಇವರಿಗೆ ಡ್ಯೂಟಿ.
ಜಂಕ್ಷನ್ನಿನಲ್ಲಿ ಹಳಿ ತಿರುಗಿಸುವ ಕೆಲಸ,
ಹುಬ್ಬಳ್ಳಿಯದು ಮೊದಲೋ ಮೈಸೂರಿನದು ಮೊದಲೋ
ನೂರು ಸಲ ಕೇಳಿ ಕೈ ಹಾಕುವ ಮನುಷ್ಯ.
ಮನೆಯಲ್ಲಿ ಮೊದಲು ಏನಿತ್ತು ಅಂತ
ನನಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ
ಮಂಡಕ್ಕಿ ತಟ್ಟೆ ನಡುವೆ ಇಟ್ಟುಕೊಂಡು ನಾಲ್ಕು ಹಾಕಿದೆವು.
ಹೊಳೆ. ಬಂಡೆ. ಬಂಡೆಯ ಮೇಲೆ ನೀರುನಾಯಿ ಮರಿ ಒಂದೇ.
ಪಕ್ಕದಲ್ಲೊಂದು ತೆರೆದ ಚಿಪ್ಪು.
ಮೂಸುತ್ತದೆ, ಎತ್ತಿಕೊಳ್ಳುತ್ತದೆ,
ಇದ್ದಲ್ಲೇ ಇಟ್ಟು ನೀರಿಗೆ ಬೀಳುತ್ತದೆ, ಡುಬುಕ್.
ಚಿಪ್ಪು ಯಾರದು? ಅಂದೆ.
ಹಿಂದಿನದು, ಅಂದಳು. ಮಂಡಕ್ಕಿ ತಿನ್ನಿ.

ಒಂದು ಮಂಗಳವಾರ, ಅವಳು ಸ್ಕೂಲಿಗೆ ಹೋದ ಮೇಲೆ,
ಕುಕ್ಕರ್ ಇಟ್ಟು, ಬಾಗಿಲು ಹಾಕಿ
ಎರಡು ಹಾಕಿಬಿಟ್ಟೆ.
ಹಿಂದಿಯಲ್ಲಿ ಮಾತು; ಅರ್ಧ ಗೊತ್ತಾಗಲಿಲ್ಲ.
ತಾಯಿ ನೀರುನಾಯಿ ಅಂಗಾತ ತೇಲುತ್ತಾ
ಹೊಟ್ಟೆಯ ಮೇಲೆ ಚಿಪ್ಪು ಒಡೆಯುವುದಕ್ಕೆ
ಯಾವ ಭಾಷೆಯೂ ಬೇಕಿರಲಿಲ್ಲ.
ಆಮೇಲೆ ಒಂದು ಕೊಕ್ಕರೆ ಬಂತು, ಬಿಂಕದ್ದು, ಊರಿಗೆಲ್ಲ ಬುದ್ಧಿ ಹೇಳುವಂಥದ್ದು,
ಪಾಚಿಯ ಮೇಲೆ ಕಾಲಿಟ್ಟು...
ಒಬ್ಬಳೇ ನಕ್ಕೆ, ಸೆರಗು ಬಾಯಿಗೆ ಒತ್ತಿ.
ವಿಷಲ್ಲಿನ ಲೆಕ್ಕ ತಪ್ಪಿತು. ಬೇಳೆ ತಳ ಹತ್ತಿತು.
ಡಿವಿಡಿಯನ್ನು ಸೀರೆಯಲ್ಲೇ ಒರೆಸಿ
ಇದ್ದ ಜಾಗದಲ್ಲೇ ಇಟ್ಟೆ.
ಕಳ್ಳತನಕ್ಕೂ ಒಂದು ಕ್ರಮ.

ಹನ್ನೊಂದು ಮುಗಿಯಿತು. ಪಟ್ಟಿಯೂ ಮುಗಿಯಿತು.
ಮುಂದಿನ ಶನಿವಾರ ಇಂಚರ ಚೀಲ ಹಿಡಿದು
ಬಹಳ ಹೊತ್ತು ಜಿಪ್ಪು ಎಳೆದಳು, ಮುಚ್ಚಿದಳು.
ಕೊನೆಗೆ ಏನೂ ಹೇಳದೆ
ತೆಗೆದದ್ದು ಎರಡು.

ಹೊಳೆ. ತಾಯಿ. ಚಿಪ್ಪು.
ನಾನು ಗೋಡೆ ನೋಡಿದೆ, ಮಂಡಕ್ಕಿ ನೋಡಿದೆ.
ಕೊಕ್ಕರೆ ಬಂತು.
ಕಾಲೆತ್ತಿತು.
ಇನ್ನೂ ಜಾರಿರಲಿಲ್ಲ,
ನಾನು ನಕ್ಕೆ.

ರಿಮೋಟಿನ ಸದ್ದು.
ಒಂಟಿಕಾಲಿನಲ್ಲಿ ನಿಂತಿತು ಕೊಕ್ಕರೆ.
ಸ್ಟೇಷನ್ನಿನ ಕಡೆಯಿಂದ
ಯಾವುದೋ ಗಾಡಿ ತಡವೆಂದು ಮೂರು ಭಾಷೆಯಲ್ಲಿ ಹೇಳಿದರು.
ಇಂಚರ ಎದ್ದು ನಿಂತಿದ್ದಳು, ಕೆನ್ನೆ ಕೆಂಡ:
ನೋಡ್ಬಿಟ್ಟಿದೀಯಾ ನೀನು!
ನಂಗೊಂದು ಮಾತು ಹೇಳ್ದೆ! ಕಳ್ಳಿ ನೀನು!

ಹೂಂ, ಅಂದೆ.
ಬೇರೇನು ಹೇಳಲಿ.
ಎರಡು ಸಲ ಕಿವಿಗೆ ಬಿದ್ದಿತ್ತು, ಎಣಿಸಿದ್ದೆ.

ಮೂಗೊರೆಸಿಕೊಂಡು ಕೂತಳು.
ಚಿತ್ರವನ್ನು ಮೊದಲಿಗೆ ಓಡಿಸಿದಳು;
ಕೊಕ್ಕರೆ ಹಿಂದೆ ಹಿಂದೆ ನಡೆದು ಹೋಯಿತು,
ಒಡೆದ ಚಿಪ್ಪು ಹೊಟ್ಟೆಯ ಮೇಲೆ ಕೂಡಿಕೊಂಡಿತು.
ಮೊದಲಿಂದ, ಅಂದಳು. ಈ ಸಲ ಮುಂಚೆ ನಗಬೇಡ.

ತುಟಿ ಕಚ್ಚಿ ಕೂತೆ.
ಕೊಕ್ಕರೆ ಬಂತು. ಕಾಲೆತ್ತಿತು. ಜಾರಿತು.
ಅವಳು ಟಿವಿ ನೋಡುತ್ತಲೇ ಇರಲಿಲ್ಲ,
ನನ್ನ ಮುಖ ನೋಡುತ್ತಿದ್ದಳು.